ಮುಂದಿನ ಸಾಲಿನ ಸೋಫಾ, ಬೂತಿನ ಬೆಂಚು

ರಾಜಕೀಯ ಸಭೆಗಳಿಗೆ ಸೋಫಾ ಬಾಡಿಗೆಗೆ ಕೊಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದೆರಡು ಬುದ್ಧಿಮಾತು. ಬಿಳಿ ಬಣ್ಣದ್ದು ಕೊಡಬೇಡಿ, ಕುಂಕುಮ ಬಿದ್ದರೆ ಜನ್ಮದಲ್ಲಿ ಹೋಗೋದಿಲ್ಲ. ಮೂರು ಜನ ಕೂರುವ ಸೋಫಾದಲ್ಲಿ ನಡುವಿನ ಸೀಟು ಗಟ್ಟಿ ಇದೆಯಾ ಅಂತ ನೀವೇ ಒಂದ್ಸಲ ಕೂತು ನೋಡಿ. ಅಲ್ಲಿ ಕೂರುವವರು ಯಾವಾಗಲೂ ಭಾರೀ ಮನುಷ್ಯರು. ಎಲ್ಲಕ್ಕಿಂತ ಮುಖ್ಯ, ಸೋಫಾ ತಲುಪಿಸೋದಕ್ಕೆ ನೀವೇ ಹೋಗಿ. ವೇದಿಕೆಯ ಮುಂದಿನ ಸಾಲಿನಲ್ಲಿ ಎಷ್ಟು ಜನ ಕೂರಬಹುದು ಅನ್ನೋದು ಯಾರ ಕೈಲಿದೆ ಅಂದುಕೊಂಡಿದ್ದೀರಿ? ರಾಜಧಾನಿಯ ಮುಖಂಡರ ಕೈಲಾ? ಅಲ್ಲ ಕಣ್ರೀ, ನನ್ನಂಥವಳ ಕೈಲಿ. ಹೋದ ವಿಧಾನಸಭೆ ಚುನಾವಣೆಯಲ್ಲಿ ನನಗೆ ಇದು ಗೊತ್ತಾಯಿತು. ಸ್ವಲ್ಪ ತಡವಾಗಿ ಗೊತ್ತಾಯಿತು, ಅಷ್ಟೇ.

ನನ್ನದು ಹಳೇ ಫರ್ನಿಚರ್ ಅಂಗಡಿ. ಕಾಡುಗೋಡಿ ದಾಟಿ ಸ್ವಲ್ಪ ಮುಂದೆ, ಮೆಟ್ರೋ ಕಂಬಗಳು ಮುಗಿದ ಮೇಲೆ ಸಿಗುತ್ತೆ. ಮಾಲೂರಿನ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ಇದ್ದದ್ದು ಒಂದು ಟ್ರಂಕು, ಒಂದು ಬಾಯಿ. ಟ್ರಂಕು ತುಕ್ಕು ಹಿಡಿದು ಹೋಯಿತು. ಬಾಯಿಂದ ಅಂಗಡಿ ಆಯಿತು. ಐಟಿ ಪಾರ್ಕಿನ ಮಕ್ಕಳು ಕೆಲಸ ಬಿಟ್ಟು ಹೈದರಾಬಾದಿಗೋ ಪುಣೆಗೋ ಹೊರಟಾಗ ಮನೆ ಖಾಲಿ ಮಾಡಬೇಕಲ್ಲ, ಆಗ ಹೋಗಿ ಮಂಚ, ಸೋಫಾ, ಟೇಬಲ್ ಎತ್ತಿಕೊಂಡು ಬರೋದು. ಹೊಸದಾಗಿ ಬಂದವರಿಗೆ ಮಾರೋದು. ಇದರಲ್ಲಿ ಗುಟ್ಟು ಅಂದರೆ ವಾರ. ಶುಕ್ರವಾರ ಹೋಗಬೇಡಿ, ಅವರಿಗೆ ಇನ್ನೂ ಆಸೆ ಇರುತ್ತೆ. ಭಾನುವಾರ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಗೂಡ್ಸ್ ಗಾಡಿ ಒಳಗೆ ಬಿಡಲ್ಲ. ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಆ ಹೊತ್ತಿಗೆ ಅವರು ಸೋಫಾ ನೋಡಿದರೆ ಅಳು ಬರೋ ಸ್ಥಿತಿಯಲ್ಲಿರುತ್ತಾರೆ.

ಗಾಡಿ ಓಡಿಸೋದು ನನ್ನ ಯಜಮಾನರು. ಅವರು ದಿನಕ್ಕೆ ಹತ್ತು ಮಾತಾಡುತ್ತಾರೆ, ಅದರಲ್ಲಿ ಎಂಟು ‘ಹೂಂ’.

ಪಕ್ಷದ ವಿಷಯಕ್ಕೆ ಬರ್ತೀನಿ. ದೇಶ, ದೇವರು, ಸಂಸಾರ, ಶಿಸ್ತು ಅನ್ನುವ ಪಕ್ಷ ನಮ್ಮದು. ನನಗೆ ಆ ನಾಲ್ಕೂ ಇಷ್ಟ, ಅದರಲ್ಲೂ ಶಿಸ್ತು. ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುವ ಜನ ನಮ್ಮ ಪಕ್ಷದಲ್ಲಿ ಮಾತ್ರ ಇದ್ದಾರೆ, ಬಾಡಿಗೆಗೆ ಕೊಡುವವಳಾಗಿ ಹೇಳ್ತಿದ್ದೀನಿ. ಅಲ್ಲಿ ಒಂದು ಪದ್ಧತಿ ಇದೆ. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ ಒಬ್ಬೊಬ್ಬರನ್ನು ಜವಾಬ್ದಾರಿ ಮಾಡ್ತಾರೆ. ಪೇಜ್ ಪ್ರಮುಖ್ ಅಂತ ಹೆಸರು. ಆ ಹಾಳೆಯಲ್ಲಿರುವ ಮೂವತ್ತು ಮುಖ ಎಲ್ಲಿದ್ದಾವೆ, ಬದುಕಿದ್ದಾವಾ, ವೋಟಿಗೆ ಬರ್ತಾವಾ, ಇಷ್ಟು ನೋಡಿಕೊಂಡರೆ ಸಾಕು. ನನಗೂ ಒಂದು ಹಾಳೆ ಕೊಟ್ಟರು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಡಿಯ ಗೋಡೆಗೆ ನೇತುಹಾಕಿದೆ.

ನನ್ನ ಪುಟದಲ್ಲಿ ಗದಗಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ಬಾಡಿಗೆಗೆ ನೆಲೆ ನಿಂತ ಅಣ್ಣತಮ್ಮಂದಿರಿದ್ದರು. ತೀರಿಕೊಂಡು ಮೂರು ವರ್ಷವಾದರೂ ಪಟ್ಟಿಯಲ್ಲಿ ನಗುತ್ತಿದ್ದ ಹಾಲಿನವರಿದ್ದರು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ ಕಡೆಯ ಇಂಜಿನಿಯರ್ ದಂಪತಿ, ಗಂಡನಿಗೆ ಹಣೆಯಲ್ಲಿ ವಿಭೂತಿ, ಕಿವಿಯಲ್ಲಿ ಇಯರ್‌ಫೋನು. “ಆಂಟಿ, ನಮ್ಮ ಮನೆತನವೇ ನಿಮ್ಮ ಪಕ್ಷ, ಆದರೆ ಅವತ್ತು ರಜಾ ಇದೆಯಲ್ಲ, ಚಿಕ್ಕಮಗಳೂರಿಗೆ ಹೊರಟಿದ್ದೀವಿ” ಅಂದರು. ನಾನು ದೇಶಭಕ್ತಿಯ ಭಾಷಣ ಮಾಡಲಿಲ್ಲ. “ಬೆಳಿಗ್ಗೆ ಏಳಕ್ಕೆ ಬನ್ನಿ, ಸಾಲಿರಲ್ಲ. ಏಳೂಕಾಲಕ್ಕೆ ಹೊರಟರೆ ರಸ್ತೇಲೂ ಯಾರೂ ಇರಲ್ಲ. ಉಳಿದವರೆಲ್ಲ ವೋಟಿನ ಸಾಲಲ್ಲಿರ್ತಾರೆ” ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಪ್ಪಿದರು. ಎಲ್ಲರಿಗೂ ಕೊನೆಯಲ್ಲಿ ಒಂದೇ ಮಾತು ಹೇಳ್ತಿದ್ದೆ: “ಗುರುತಿನ ಕಾರ್ಡು ಇವತ್ತೇ ದೇವರ ಮನೇಲಿ ಇಟ್ಟುಬಿಡಿ. ಬೆಳಿಗ್ಗೆ ಕೈ ಮುಗಿಯುವಾಗ ಕಣ್ಣಿಗೆ ಬೀಳುತ್ತೆ.” ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಸಲ ನಮ್ಮ ಪಕ್ಷದ ಟಿಕೆಟ್ಟು ಸಿಕ್ಕಿದ್ದು ಹೋದ ಸಲ ಎದುರು ಪಕ್ಷದಿಂದ ನಿಂತು ಸೋತವರಿಗೆ. ಯಾಕೆ ಅಂತ ಮೇಲಿನವರಿಗೇ ಗೊತ್ತು. ಅವರು ಬರುವಾಗ ತಮ್ಮ ಜನ, ತಮ್ಮ ಜೀಪು, ತಮ್ಮ ಅಡುಗೆಯವರು, ತಮ್ಮ ಭಾಮೈದ, ಎಲ್ಲವನ್ನೂ ಕರೆದುಕೊಂಡೇ ಬಂದರು. ಭಾಮೈದನೇ ಅವರ ಚುನಾವಣಾ ಏಜೆಂಟು. ಯಾವ ಕಾಗದಕ್ಕೂ ಅವನದೇ ಸಹಿ, ಯಾವ ವೇದಿಕೆಗೂ ಅವನದೇ ಪಟ್ಟಿ. ಕೈಲಿ ಮೂರು ಫೋನು. ಪಕ್ಷದ ಶಾಲನ್ನು ಸ್ನಾನಕ್ಕೆ ಹೊರಟವನ ಟವೆಲಿನ ಹಾಗೆ ಹಾಕಿಕೊಳ್ಳುತ್ತಿದ್ದ.

ಒಂದು ದಿನ ಮಧ್ಯಾಹ್ನ ನಮ್ಮ ರಸ್ತೆಯ ಟೈಲರಣ್ಣ ಅಂಗಡಿಗೆ ಬಂದರು. ಅವರು ಎದುರು ಪಕ್ಷದವರು, ಹುಟ್ಟಿನಿಂದ. ಸುಮ್ಮನೆ ಒಂದು ಸ್ಟೂಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಅಕ್ಕಾ, ಈ ಸ್ಟೂಲು ಹೆಂಗೆ?”

“ನಿಮಗೆ ಸ್ಟೂಲ್ ಬೇಡ. ವಿಷಯ ಏನು ಹೇಳಿ.”

“ನಿಮ್ಮ ಪಕ್ಷದವರಿಗೆ ಬುದ್ಧಿ ಐತಾ?”

“ಇಲ್ಲದಿದ್ರೆ ನಿಮಗೇ ಲಾಭ ಅಲ್ವಾ? ಅದಕ್ಯಾಕೆ ಬೇಜಾರು?”

“ತಮಾಷೆ ಬಿಡಿ ಅಕ್ಕಾ. ಕಾಕಾನ್ನ ಬೂತಿಂದ ತೆಗೆದುಬಿಟ್ಟವ್ರಂತೆ. ಬೆಳಿಗ್ಗೆ ಆರರಿಂದ ಸಾಯಂಕಾಲ ಆರರತನಕ ಆ ಬೆಂಚ್ ಮೇಲೆ ನಾನು ಯಾರ ಪಕ್ಕ ಕೂತ್ಕೊಳ್ಳಲಿ? ಯಾರೋ ಲ್ಯಾಪ್‌ಟಾಪ್ ಮನುಷ್ಯನ್ನ ಹಾಕವ್ರಂತೆ. ಅವನು ಶೇಂಗಾ ಚಟ್ನಿ ತತ್ತಾನಾ?”

ಕಾಕಾ ಅಂದರೆ ನಮ್ಮ ರಸ್ತೆಗೆಲ್ಲ ಕಾಕಾ. ಹಾವೇರಿ ಕಡೆಯವರು. ಇಲ್ಲಿನ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತು ನಿಂತು ನಿವೃತ್ತಿಯಾದವರು. ಹಣೆಗೆ ಮೂರು ಬೆರಳಿನ ವಿಭೂತಿ, ಬಿಳಿ ಧೋತರ. ನಮ್ಮ ಪಕ್ಷದ ಬಾವುಟ ಹಿಡಿಯಲು ಇಲ್ಲಿ ಯಾರೂ ಇಲ್ಲದ ಕಾಲದಲ್ಲಿ ಅವರೊಬ್ಬರೇ ಹಿಡಿದಿದ್ದರಂತೆ. ನನ್ನ ಅಂಗಡಿಯ ಮೊದಲ ಗಿರಾಕಿ ಕೂಡ ಅವರೇ. ಚಕ್ರ ಇರುವ ಆಫೀಸ್ ಕುರ್ಚಿ ತಗೊಂಡು, ಅಲ್ಲೇ ನಿಂತು ಚಕ್ರ ಬಿಚ್ಚಿಸಿ, “ಕುಂತಾಂವ ಕುಂತಲ್ಲೇ ಇರಬೇಕವಾ, ಓಡ್ಯಾಡಬಾರದು” ಅಂದಿದ್ದರು. ಚಕ್ರಗಳನ್ನು ನನಗೇ ವಾಪಸು ಕೊಟ್ಟರು. ಅವನ್ನು ನಾನು ಬೇರೆ ಮಾರಿದೆ.

ಪ್ರತಿ ಚುನಾವಣೆಯಲ್ಲೂ ಸರ್ಕಾರಿ ಶಾಲೆಯ ಬೂತಿನೊಳಗೆ ನಮ್ಮ ಪಕ್ಷದ ಏಜೆಂಟು ಅವರೇ. ಗೊತ್ತಿಲ್ಲದವರಿಗೆ ಹೇಳ್ತೀನಿ: ಮತಗಟ್ಟೆಯೊಳಗೆ ಪ್ರತಿ ಅಭ್ಯರ್ಥಿಯ ಕಡೆಯಿಂದ ಒಬ್ಬೊಬ್ಬರು ಕೂರಬಹುದು. ಬಂದವರು ಪಟ್ಟಿಯಲ್ಲಿರುವವರೇ ಹೌದಾ ಅಂತ ನೋಡೋದು, ಹೆಸರಿನ ಮುಂದೆ ಗುರುತು ಹಾಕೋದು ಅವರ ಕೆಲಸ. ಯಾರ ಮೇಲಾದರೂ ಸಂಶಯ ಬಂದರೆ ಎರಡು ರೂಪಾಯಿ ಕಟ್ಟಿ ‘ಇವರು ಅವರಲ್ಲ’ ಅಂತ ಆಕ್ಷೇಪ ಎತ್ತಬಹುದು. ಹೌದು, ಎರಡೇ ರೂಪಾಯಿ, ಕಾನೂನಿನಲ್ಲೇ ಇದೆಯಂತೆ. ಅದಕ್ಕಂತಲೇ ಕಾಕಾ ಕರ್ಪೂರದ ಡಬ್ಬಿಯಲ್ಲಿ ಒಂದು ಎರಡು ರೂಪಾಯಿ ನಾಣ್ಯ ಇಟ್ಟಿದ್ದರು. ಇಷ್ಟು ವರ್ಷದಲ್ಲಿ ಅದನ್ನು ಯಾರ ಮೇಲೂ ಎತ್ತಿರಲಿಲ್ಲ. ಅವರಿಗೆ ಎಲ್ಲರೂ ಗೊತ್ತು. ಯಾರ ಸೊಸೆ ಬಾಣಂತನಕ್ಕೆ ಹೋಗಿದ್ದಾಳೆ, ಯಾರು ಸಿಂಗಸಂದ್ರಕ್ಕೆ ಮನೆ ಬದಲಾಯಿಸಿದರು, ಎಲ್ಲ ಬೆರಳ ತುದಿಯಲ್ಲಿ. ಪಕ್ಕದಲ್ಲಿ ಎದುರು ಪಕ್ಷದ ಟೈಲರಣ್ಣ. ಮಧ್ಯಾಹ್ನ ಕಾಕಾನ ರೊಟ್ಟಿ, ಶೇಂಗಾ ಚಟ್ನಿ, ಟೈಲರಣ್ಣನ ಪುಳಿಯೋಗರೆ, ಎರಡೂ ಡಬ್ಬಿ ಬೆಂಚಿನ ನಡುವೆ ಬಿಚ್ಚಿಕೊಳ್ಳುತ್ತಿದ್ದವು.

ನಾನು ಕಾಕಾನ ಮನೆಗೆ ಹೋದೆ. ಬೂತಿನ ಚೀಲ ಮೊಳೆಗೆ ನೇತಾಡುತ್ತಿತ್ತು. ಅದರಿಂದ ದಿಂಬಿನ ತುದಿ ಇಣುಕುತ್ತಿತ್ತು. ಮಕ್ಕಳ ಬೆಂಚು ಗಟ್ಟಿ ಅಂತ ಅವರು ದಿಂಬು ಒಯ್ಯುತ್ತಿದ್ದರು.

“ಏನ್ ಕಾಕಾ, ನಿಮ್ಮನ್ನ ತೆಗೆದರಂತೆ?”

“ತಗದಿಲ್ಲವಾ. ಸಲಹಾ ಸಮಿತಿಗೆ ಹಾಕ್ಯಾರ.”

“ಸಲಹೆ ಕೇಳಿದ್ರಾ?”

“ಇನ್ನಾ ಇಲ್ಲ.”

“ನೀವು ಬೇಡ ಅನ್ನಬೇಕಿತ್ತು.”

“ಪಕ್ಷ ಹೇಳಿದ ಮ್ಯಾಲ ಮುಗೀತು. ನಮ್ಮ ಪಕ್ಷದಾಗ ಹಂಗ ಎದುರಾಡೂದು ಇಲ್ಲ.” ಹಾಗಂದರು, ಆದರೆ ಅವರ ಮುಂದೆ ಹೊಸ ಕೆಂಪು-ನೀಲಿ ಪೆನ್ಸಿಲ್ಲು ಇತ್ತು. ಎರಡೂ ತುದಿ ಸೂಜಿ ಹಾಗೆ ಚೂಪು ಮಾಡಿದ್ದರು. ನಾನು ಅದನ್ನು ನೋಡಿದ್ದನ್ನು ಅವರು ನೋಡಿ, ಅದರ ಮೇಲೆ ಪೇಪರ್ ಎಳೆದುಕೊಂಡರು.

ಬಾಯಿ ಬಿಟ್ಟು ಕೇಳುವ ಮನುಷ್ಯ ಅವರಲ್ಲ. ಕೇಳೋದೇ ನನ್ನ ಕಸುಬು. ಸರಿ, ನಾನೇ ಕೇಳ್ತೀನಿ ಅಂತ ಹೊರಟೆ.

ಇಲ್ಲಿ ನನ್ನ ವ್ಯಾಪಾರದ ದೊಡ್ಡ ಪಾಠ ಹೇಳಿಬಿಡ್ತೀನಿ. ನಿಮಗೆ ಮಂಚ ಬೇಕಾದರೆ ಮಂಚ ಕೇಳಬೇಡಿ. ಅದರ ಪಕ್ಕದಲ್ಲಿರುವ ಬೀರು ಕೇಳಿ. ಅವರು ಬೀರು ಕೊಡಲ್ಲ ಅಂತಾರೆ. ನೀವು ಮುಖ ಸಪ್ಪೆ ಮಾಡಿಕೊಂಡು ಬಾಗಿಲತನಕ ಹೋಗಿ. ಆಗ ಅವರೇ ಕರೆದು, ಹೋಗಲಿ ಈ ಮಂಚ ತಗೊಳ್ಳಿ ಅಂತಾರೆ. ಇಪ್ಪತ್ತು ವರ್ಷದಿಂದ ಈ ಲೆಕ್ಕ ಒಂದು ಸಲವೂ ಕೈಕೊಟ್ಟಿರಲಿಲ್ಲ. ಭಾಮೈದನ ಹತ್ತಿರ ಬೂತ್ ಏಜೆಂಟ್ ಅಂತ ನೇರ ಕೇಳಿದರೆ ಆಗಲ್ಲ ಅಂತಾನೆ. ಅದಕ್ಕೇ ಮೊದಲು ಮುಂದಿನ ವಾರದ ದೊಡ್ಡ ಸಭೆಯಲ್ಲಿ ಮುಂದಿನ ಸಾಲಿನ ಸೀಟು ಕೇಳೋದು. ಅವನು ಹೌಹಾರಿ ಎರಡನೇ ಸಾಲು ಅಂತಾನೆ, ಮೂರನೇ ಸಾಲು ಅಂತಾನೆ, ನಾನು ಎದ್ದು ಬಾಗಿಲತನಕ ಹೋಗ್ತೀನಿ, ಅಲ್ಲಿ ಬೂತಿನ ಬೆಂಚು ಸಿಗುತ್ತೆ. ಸಭೆಗೆ ಸೋಫಾ ಹೇಗೂ ನಂದೇ. ಮೂರು ಜನರ ಸೋಫಾ ನಾಲ್ಕು.

ಚುನಾವಣಾ ಕಚೇರಿಯಲ್ಲಿ ಭಾಮೈದ ಸೀಟಿನ ನಕ್ಷೆ ಮುಂದೆ ಹರಡಿಕೊಂಡು ಕೂತಿದ್ದ. ಹನ್ನೆರಡು ಚೌಕ, ಹನ್ನೊಂದರಲ್ಲಿ ಹೆಸರು.

“ಬನ್ನಿ ಅಕ್ಕಾ. ಸೋಫಾ ಟೈಮಿಗೆ ಬರುತ್ತೆ ತಾನೇ?”

“ಸೋಫಾ ಬರುತ್ತೆ. ಅದರ ಮೇಲೆ ಕೂರೋರ ವಿಷಯ ಮಾತಾಡೋಣ ಅಂತ ಬಂದೆ. ನಮ್ಮ ಕಾಕಾಗೆ ಮುಂದಿನ ಸಾಲಲ್ಲಿ ಒಂದು ಸೀಟು ಬೇಕು.”

ಅವನು ಹೌಹಾರಲಿಲ್ಲ. ಪೆನ್ನು ಕಚ್ಚಿಕೊಂಡು ಕೇಳಿದ: “ವಿಭೂತಿ ಹಚ್ಚಿಕೊಳ್ತಾರಲ್ಲ, ಅವರು ತಾನೇ?”

“ಹೂಂ.”

“ಬಿಳಿ ಮೀಸೆ?”

“ಇದೆ. ಯಾಕೆ?”

“ಅಕ್ಕಾ, ನೀವು ದೇವರು ಕಳಿಸಿದಂಗೆ ಬಂದ್ರಿ! ಹಳೇ ಕಾರ್ಯಕರ್ತರೆಲ್ಲ ಮುನಿಸಿಕೊಂಡವ್ರೆ ಅಂತ ಮೇಲಿಂದ ಬೆಳಿಗ್ಗೆಯಿಂದ ಬೈತಾವ್ರೆ. ಒಬ್ಬ ಹಳಬರನ್ನ ಕ್ಯಾಮೆರಾ ಮುಂದೆ ಕೂರಿಸಿ ಅಂತ ಆರ್ಡರು. ಒಂದು ಮೈಸೂರು ಪೇಟ ಇಟ್ಟುಬಿಟ್ರೆ ಸಕ್ಕತ್ತಾಗಿರುತ್ತೆ. ಹನ್ನೆರಡನೇ ಸೀಟು ಅವರದೇ!” ಅಂತ ಚೌಕದಲ್ಲಿ ಬರೆದೇಬಿಟ್ಟ.

ನಾನು ನಕ್ಷೆಯ ಮೇಲೆ ಕೈ ಇಟ್ಟೆ. “ಕಷ್ಟ ಆದ್ರೆ ಬಿಡಿ” ಅಂದೆ. “ಸುಮ್ನೆ ಒಂದು ಬೂತ್ ಏಜೆಂಟ್ ಕೊಟ್ಟರೂ ನಡೆಯುತ್ತೆ.”

“ಛೇ ಛೇ! ಮುಂದಿನ ಸಾಲಿನವರನ್ನ ಇಸ್ಕೂಲ್ ಬೆಂಚ್ ಮೇಲೆ ಕೂರಿಸೋದಾ? ಅಲ್ಲಿಗೆ ನಮ್ಮವನೊಬ್ಬ ಇದ್ದಾನೆ, ಲ್ಯಾಪ್‌ಟಾಪಲ್ಲಿ ಎಲ್ಲಾ ಹೊಡೀತಾನೆ.”

“ಬೂತೊಳಗೆ ಲ್ಯಾಪ್‌ಟಾಪ್ ಬಿಡಲ್ಲ.”

“ಫೋನಲ್ಲಿ ಹೊಡೀತಾನೆ ಬಿಡಿ.”

“ಫೋನೂ ಬಿಡಲ್ಲ.”

“ಮತ್ತೆ ಅವನು ಅಲ್ಲಿ ಏನ್ ಮಾಡ್ತಾನೆ?”

“ಅದನ್ನೇ ನಾನು ಕೇಳ್ತಿರೋದು.”

“ನೋಡೋಣ ನೋಡೋಣ” ಅಂತ ಮೂರರಲ್ಲಿ ಒಂದು ಫೋನು ಎತ್ತಿಕೊಂಡ. ನಾನು ಬಾಗಿಲತನಕ ನಿಧಾನಕ್ಕೆ ನಡೆದೆ. ಯಾರೂ ಕರೆಯಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಆ ದಿನದ ಮಾತನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದರು: “ಇಷ್ಟು ವರ್ಷದಲ್ಲಿ ನೀನು ಕೇಳಿದ್ದನ್ನ ಕೇಳಿದ ತಕ್ಷಣ ಕೊಟ್ಟೋನು ಇವನೊಬ್ಬನೇ. ಅವನ ಕೈಲೇ ಸೋತುಬಿಟ್ಟೆ ನೋಡು.”

ಮಾರನೇ ದಿನ ಕಾಕಾ ಅಂಗಡಿಗೆ ಬಂದರು. ಕೈಯಲ್ಲಿ ಆಮಂತ್ರಣ. ರಸ್ತೆಯವರೆಲ್ಲ ಅವರಿಗೆ ಕೈ ಮುಗಿಯಲು ಶುರುಮಾಡಿದ್ದರು. ಕಾಕಾನ ಹೆಂಡತಿ ಅವರ ಧೋತರಕ್ಕೆ ಗಂಜಿ ಹಾಕಿ ಒಣಗಿಸಿದ್ದರಂತೆ, ಅದು ತಗಡಿನ ಹಾಗೆ ನಿಂತುಕೊಂಡಿತ್ತಂತೆ.

“ತಂಗಿ, ಇದು ನಿಂದ ಕೆಲಸ ಹೌದಲ್ಲ?”

“ಕಾಕಾ, ನಾನು ಕೇಳೋಕೆ ಹೋಗಿದ್ದು ಬೂತು.”

“ಬೂತು ಕೇಳಾಕ ಹೋದಾಕಿ ಸೋಫಾ ಯಾಕ ತಂದಿ?”

ಬೀರು-ಮಂಚದ ಲೆಕ್ಕ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ನನಗ ಸೋಫಾದಾಗ ಕುಂತ್ರ ನಿದ್ದಿ ಬರತೈತಿ” ಅಂದರು. ಆಮೇಲೆ ಆಮಂತ್ರಣ ಮಡಚುತ್ತಾ, “ಮುಂದಿನ ಸಾಲಿನ್ಯಾಗ ಕುಂತ ಮ್ಯಾಲ ಬೂತ್ ಕೇಳಾಕ ಬಾಯಿ ಬರೂದಿಲ್ಲ. ಎರಡೂ ಬೇಕಂದ್ರ ದುರಾಸೆ ಆಕ್ಕತಿ. ಇರ್ಲಿ. ಆ ಶಾಲೀ ಕೋಣಿ ಒಳಗ ಇಡೀ ದಿನ ಕುಂತ್ರ ಊರಿನ ಮಂದೀನೆಲ್ಲಾ ಒಂದ್ಸಲ ನೋಡಿದಂಗ ಆಕ್ಕಿತ್ತು. ಯಾರದಾರ, ಯಾರಿಲ್ಲ. ಅಷ್ಟ” ಅಂದರು.

ಅವರು ಹೋದ ಮೇಲೆ ಒಂದು ಡೈನಿಂಗ್ ಟೇಬಲ್ಲಿಗೆ ಗಿರಾಕಿ ಬಂದರು. ಅವರು ಹೇಳಿದ ಬೆಲೆಗೇ ಕೊಟ್ಟುಬಿಟ್ಟೆ. ನನ್ನ ಸ್ಥಿತಿ ಅಷ್ಟು ಕೆಟ್ಟಿತ್ತು.

ಎರಡು ದಿನ ಯೋಚಿಸಿದೆ. ತಗೊಂಡ ವಸ್ತು ವಾಪಸು ಕೊಡಬೇಕಾದರೆ ಅದಕ್ಕೆ ಬೆಲೆ ಏರುವತನಕ ಕಾಯಬೇಕು, ಇದು ಯಾವ ವ್ಯಾಪಾರಿಗೂ ಗೊತ್ತು. ಸೀಟಿಗೆ ಬೆಲೆ ಏರೋದು ಯಾವಾಗ? ಸೀಟು ಕಡಿಮೆ ಬಿದ್ದಾಗ. ಸೀಟು ಕಡಿಮೆ ಬೀಳೋದು ಹೇಗೆ? ಅಷ್ಟು ಹೊತ್ತಿಗೆ ಉತ್ತರ ಗೋಡೌನಿನಲ್ಲಿ ಟಾರ್ಪಾಲು ಹೊದ್ದು ಕೂತಿತ್ತು.

ಸಭೆಯ ದಿನ ಸಾಯಂಕಾಲ ನಾಲ್ಕಕ್ಕೆ ಮೈದಾನಕ್ಕೆ ಗಾಡಿ ತಂದೆವು. ಮೂರು ಸೋಫಾ ಇಳಿಸಿದೆವು. ನಾಲ್ಕನೆಯದು ಗಾಡಿಯಲ್ಲೇ ಟಾರ್ಪಾಲಿನಡಿ ಉಳಿಯಿತು. ಗಾಡಿಯನ್ನು ಪೆಂಡಾಲಿನ ಹಿಂದೆ ನಿಲ್ಲಿಸಿ ಯಜಮಾನರು ಒಳಗೆ ಕೂತು ಬೀಡಾ ಹಾಕಿಕೊಂಡರು.

“ಅಕ್ಕಾ, ಇನ್ನೊಂದು?” ಅಂದ ಭಾಮೈದ.

“ಕಾಲು ಮುರೀತು.”

ಸುಳ್ಳು ಹೇಳಿದೆನಾ ಅಂತ ಕೇಳಿದರೆ, ಹೂಂ, ಹೇಳಿದೆ.

ನಮ್ಮ ಪಕ್ಷದ ಶಿಸ್ತಿನಂತೆ ಹೇಳಿದ ಹೊತ್ತಿಗೆ ಬಂದವರು ಕಾಕಾ ಒಬ್ಬರೇ. ಅವರ ತಲೆಗೆ ಪೇಟ ಇಟ್ಟು, ಬನ್ನಿ ಹಿರಿಯರೇ ಅಂತ ನಡುವಿನ ಸೋಫಾದ ಅಂಚಿನಲ್ಲಿ, ಮೈಕಿನ ಹತ್ತಿರವೇ ಕೂರಿಸಿದರು. ಟಿವಿಯವರು ಬಂದ ತಕ್ಷಣ ಅವರದೇ ಮುಖ ಹಿಡಿದರು. ಗಂಜಿ ಹಾಕಿದ ಧೋತರ, ಪೇಟ, ವಿಭೂತಿ. ಒಪ್ಪಬೇಕು, ಚಿತ್ರದ ಹಾಗೆ ಕಾಣುತ್ತಿದ್ದರು. ಕೈಗಳು ಮಾತ್ರ ಮೊಣಕಾಲ ಮೇಲೆ ಪೆನ್ಸಿಲ್ ಹುಡುಕುತ್ತಿದ್ದವು.

ಐದಾಗುವ ಹೊತ್ತಿಗೆ ದೊಡ್ಡ ಮುಖಂಡರನ್ನು ಬಿಟ್ಟು ಉಳಿದವರೆಲ್ಲ ಒಟ್ಟಿಗೆ ಬಂದರು. ಮುಖಂಡರನ್ನೂ ಸೇರಿಸಿದರೆ ಒಂಬತ್ತು ಸೀಟಿಗೆ ಹನ್ನೆರಡು ಜನ. ಇಬ್ಬರು ಸೋಫಾದ ಕೈ ಮೇಲೆ ಒರಗಿಕೊಂಡು ಹೇಗೋ ಸುಧಾರಿಸಿದರು. ಕೊನೆಗೆ ಉಳಿದದ್ದು ಒಬ್ಬರು, ಅದೂ ಎಂಥವರು ಅಂತೀರಿ, ಲೇಔಟ್ ಮಾಡಿ ಮಾಡಿ ದೊಡ್ಡವರಾದವರು. ಆ ಸಭೆಗೆ ಬಸ್ಸುಗಟ್ಟಲೆ ಜನ ಕರೆಸಿದ್ದೇ ಅವರು. ಅವರು ವೇದಿಕೆಯ ಮೆಟ್ಟಿಲಲ್ಲಿ ನಿಂತು, “ನನಗೆ ಜಾಗ ಇಲ್ವಾ? ಪರವಾಗಿಲ್ಲ. ನನ್ನ ಬಸ್ಸುಗಳಿಗೂ ಇಲ್ಲಿ ಜಾಗ ಬೇಡ” ಅಂದರು. ದೊಡ್ಡ ಮುಖಂಡರ ಕಾರು ಹೋಪ್ ಫಾರ್ಮ್ ಸಿಗ್ನಲ್ಲಿಗೆ ಬಂದಿದೆ ಅಂತ ಫೋನು ಬಂತು. ಪೇಟ ತೊಟ್ಟ ಮುದುಕರನ್ನು ಕ್ಯಾಮೆರಾಗಳ ಮುಂದೆ ಏಳಿ ಅನ್ನುವ ಧೈರ್ಯ ಯಾರಿಗಿದೆ?

ಭಾಮೈದ ಬೆವರುತ್ತಾ ನನ್ನ ಹತ್ತಿರ ಓಡಿಬಂದ. ಶಾಲು ಈಗ ನಿಜಕ್ಕೂ ಟವೆಲಾಗಿತ್ತು.

“ಅಕ್ಕಾ, ನಿಮ್ಮ ಕಾಲು ಹಿಡ್ಕೊಳ್ತೀನಿ, ಎಲ್ಲಿಂದಾದ್ರೂ ಒಂದು ಸೋಫಾ!”

“ಸೋಫಾ ಸಿಗಲ್ಲ. ಸೀಟು ಬೇಕಾದ್ರೆ ಒಂದು ಸಿಗಬಹುದು.”

“ಎಲ್ಲಿ?”

“ಕಾಕಾ ನಾನು ಹೇಳಿದರೆ ಏಳ್ತಾರೆ. ಆದರೆ ಅವರನ್ನ ಎಲ್ಲಿ ಕೂರಿಸ್ತೀರಿ? ಇಷ್ಟು ಜನರ ಮುಂದೆ ಎಬ್ಬಿಸಿ ಮನೆಗೆ ಕಳಿಸಿದರೆ ಹಳೇ ಕಾರ್ಯಕರ್ತರು ಏನಂತಾರೆ?”

“ನೀವೇ ಹೇಳಿ ಅಕ್ಕಾ, ಎಲ್ಲಿ ಬೇಕಾದ್ರೂ ಕೂರಿಸೋಣ!”

“ಸರ್ಕಾರಿ ಶಾಲೆ ಬೂತು. ಏಜೆಂಟ್ ಫಾರಂ ಇಲ್ಲೇ ಇದೆ” ಅಂತ ಪರ್ಸಿನಿಂದ ತೆಗೆದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಅರ್ಥವಾಯಿತು ಅಂತ ಕಾಣುತ್ತೆ, ಆದರೆ ಅರ್ಥ ಮಾಡಿಕೊಳ್ಳೋದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ. ಸ್ಪೀಕರ್ ಡಬ್ಬದ ಮೇಲಿಟ್ಟು ಸಹಿ ಹಾಕಿದ. “ಬೂತ್ ನಂಬರು?” ಅಂದೆ, ಬರೆದ. “ತಾರೀಖು?” ಅಂದೆ, ಅದನ್ನೂ ಬರೆದ. ಸಹಿ ಒಣಗಲಿ ಅಂತ ಒಂದ್ಸಲ ಬೀಸಿಕೊಂಡೆ. ಯಾವ ಕಾಗದವನ್ನೂ ಪೂರ್ತಿ ತುಂಬಿಸಿಕೊಳ್ಳದೆ ಮಡಚಬೇಡಿ.

ನಾನು ವೇದಿಕೆಯ ಕೆಳಗೆ ನಿಂತು ಕಾಕಾಗೆ ಫಾರಂ ಎತ್ತಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ದೂರದಿಂದಲೇ ಓದಿದರು. ಪೇಟ ತೆಗೆದು ಸೀಟಿನ ಮೇಲಿಟ್ಟರು. ಆ ವಯಸ್ಸಿನಲ್ಲಿ ಆ ಮೆಟ್ಟಿಲನ್ನು ಅಷ್ಟು ಬೇಗ ಇಳಿದವರನ್ನು ನಾನು ನೋಡಿಲ್ಲ. ಲೇಔಟಿನವರು ಹೋಗಿ ಕೂತರು, ಪೇಟದ ಮೇಲೆಯೇ.

ಐದು ನಿಮಿಷಕ್ಕೆ ನಾಲ್ಕನೇ ಸೋಫಾದ ಕಾಲು ವಾಸಿಯಾಯಿತು. ಒಪ್ಪಿಕೊಂಡ ಮಾಲು ಕೊಡಲೇಬೇಕು, ಅದು ನನ್ನ ನೇಮ. ಯಜಮಾನರೂ ಗಾರೆಯ ಅಣ್ಣತಮ್ಮಂದಿರೂ ಹೊತ್ತು ತಂದಿಟ್ಟರು. ಭಾಮೈದ ಬಾಯಿ ತೆರೆದ, ಅಷ್ಟರಲ್ಲಿ ಮುಖಂಡರು ಬಂದರು, ಪಟಾಕಿ ಹಾರಿತು. ಆಮೇಲೆ ನಮ್ಮ ಅಭ್ಯರ್ಥಿ ಮಾತಾಡಲು ನಿಂತು, ಅಭ್ಯಾಸದ ಮೇಲೆ ತಮ್ಮ ಹಳೇ ಪಕ್ಷದ ಗುರುತಿಗೇ ಓಟು ಕೇಳಿಬಿಟ್ಟರು. ಜನ ಹೋ ಅಂತ ನಕ್ಕರು. ಕೆಳಗೆ ನನ್ನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕಾಕಾ ಕಣ್ಣು ಮುಚ್ಚಿಕೊಂಡು, “ಶಿವ ಶಿವಾ” ಅಂದರು. ಕಣ್ಣು ಬಿಟ್ಟು ಮೆಲ್ಲಗೆ ಕೇಳಿದರು: “ತಂಗಿ, ಆ ಸೋಫಾದ ಕಾಲ ಖರೇನ ಮುರದಿತ್ತೇನು?”

“ಸ್ಕ್ರೂ ಸಡಿಲ ಆಗಿತ್ತು ಕಾಕಾ.”

ಅವರು ಲೇತ್ ಮಷೀನಿನ ಮನುಷ್ಯ. ಸೋಫಾದ ಕಾಲನ್ನು ಒಂದ್ಸಲ ನೋಡಿದರು, ನನ್ನನ್ನು ಒಂದ್ಸಲ ನೋಡಿದರು.

ವೋಟಿನ ದಿನ. ಬೆಳಿಗ್ಗೆ ಏಳಕ್ಕೆ ಇಂಜಿನಿಯರ್ ದಂಪತಿ ಬೆನ್ನಿಗೆ ಚೀಲ ಹಾಕಿಕೊಂಡು ಸಾಲಿನ ಮೊದಲಲ್ಲಿದ್ದರು. ಗಾರೆ ಅಣ್ಣತಮ್ಮಂದಿರು ಸ್ನಾನ ಮಾಡಿ, ಕೂದಲು ಬಾಚಿ, ಕಾರ್ಡನ್ನು ಅಂಗಿ ಜೇಬಿನಲ್ಲಿ ಕಾಣುವ ಹಾಗೆ ಇಟ್ಟುಕೊಂಡು ಬಂದರು. “ದೇವ್ರ ಮನ್ಯಾಗ ಇಟ್ಟಿದ್ವಿ ನೋಡ್ರಿ ಅಕ್ಕಾರ, ನೀವ್ ಹೇಳ್ದಂಗ” ಅಂದರು. ಹತ್ತು ಗಂಟೆಯ ಹೊತ್ತಿಗೆ ನನ್ನ ಹಾಳೆಯಲ್ಲಿ ಬರಬೇಕಾದವರೆಲ್ಲ ಬಂದಿದ್ದರು. ಉಳಿದದ್ದು ಹಾಲಿನವರು, ಮತ್ತೆ ನಾನು. ಹೆಮ್ಮೆಯಿಂದ ಹೋಗಿ ಸಾಲಿನಲ್ಲಿ ನಿಂತೆ. ಮುಕ್ಕಾಲು ಗಂಟೆ ನಿಂತ ಮೇಲೆ ಒಳಗೆ ಬಿಟ್ಟರು.

ಒಳಗೆ ಮಕ್ಕಳ ಬೆಂಚಿನ ಮೇಲೆ ದಿಂಬು, ದಿಂಬಿನ ಮೇಲೆ ಕಾಕಾ. ಪೆನ್ಸಿಲಿನ ಕೆಂಪು ತುದಿ ಆಗಲೇ ಮೊಂಡಾಗಿತ್ತು. ಪಕ್ಕದಲ್ಲಿ ಟೈಲರಣ್ಣ. ಇಬ್ಬರ ಮುಖದಲ್ಲೂ ಮದುವೆ ಮನೆಯ ಕಳೆ. ನಾನು ನಕ್ಕೆ. ಟೈಲರಣ್ಣ ನಕ್ಕರು. ಕಾಕಾ ನಗಲಿಲ್ಲ, ಕೆಲಸದಲ್ಲಿದ್ದರು.

ಮೇಜಿನ ಮುಂದಿನ ಅಧಿಕಾರಿ ಮೇಡಂ ನನ್ನ ಚೀಟಿ ನೋಡಿ ಹೆಸರು ಕೂಗಿದರು. “ಕಾರ್ಡು?” ಅಂದರು.

ಪರ್ಸಿಗೆ ಕೈ ಹಾಕಿದೆ. ಅಲ್ಲಿ ಟೇಪು, ಸ್ಕ್ರೂಡ್ರೈವರು, ಕುಂಕುಮದ ಪೊಟ್ಟಣ ಇದ್ದವು. ಆಗ ನೆನಪಾಯಿತು. ಬೆಳಿಗ್ಗೆ ದೇವರ ಮನೆಯಲ್ಲಿ ಕೈ ಮುಗಿದೆ. ಕಾರ್ಡು ಕಣ್ಣಿಗೆ ಬಿತ್ತು. ಅದಕ್ಕೂ ಕೈ ಮುಗಿದೆ. ಅಲ್ಲೇ ಬಿಟ್ಟು ಬಂದೆ.

“ಮೇಡಂ, ಫೋಟೋ ಫೋನಲ್ಲಿದೆ, ಫೋನು ಹೊರಗೆ ಯಜಮಾನರ ಹತ್ರ ಇದೆ…”

ಟೈಲರಣ್ಣ ಎದುರು ಪಕ್ಷದವರಾದರೂ ಎದ್ದು ನಿಂತರು. “ಬಿಡಿ ಮೇಡಂ, ನಮ್ಮ ರಸ್ತೆ ಅಕ್ಕಾನೇ. ಫರ್ನಿಚರ್ ಅಂಗಡಿ. ಈ ಕಡೇಲಿ ಇವರನ್ನ ಗೊತ್ತಿಲ್ಲ ಅನ್ನೋರಿಲ್ಲ. ನಮ್ಮದೇನೂ ತಕರಾರಿಲ್ಲ.”

ಮೇಡಂ ನಮ್ಮ ಪಕ್ಷದ ಕಡೆ ತಿರುಗಿ, “ನಿಮ್ಮದು?” ಅಂದರು.

ನಾನು ಕಾಕಾನ ಮುಖ ನೋಡಿದೆ. ಆ ಬೆಂಚಿನ ಮೇಲೆ ಆ ಮನುಷ್ಯನನ್ನು ಕೂರಿಸಲು ನಾನು ಪಟ್ಟ ಪಾಡು ಮೇಲಿನ ದೇವರಿಗೂ ಭಾಮೈದನಿಗೂ ಮಾತ್ರ ಗೊತ್ತು. ಕಾಕಾ ನಿಧಾನಕ್ಕೆ ಚೀಲಕ್ಕೆ ಕೈ ಹಾಕಿದರು. ಕರ್ಪೂರದ ಡಬ್ಬಿ ತೆಗೆದರು. ಮುಚ್ಚಳ ತಿರುಗಿಸಿದರು. ಎರಡು ರೂಪಾಯಿ ನಾಣ್ಯವನ್ನು ಮೇಜಿನ ಮೇಲೆ ಟಕ್ ಅಂತ ಇಟ್ಟರು.

“ಆಕ್ಷೇಪ ಐತ್ರಿ.”

“ಕಾಕಾ! ನಾನು ಕಣ್ರೀ!”

“ಇರಬಹುದವಾ. ಆದ್ರ ಬರೇ ಬಾಯಿ ಮಾತು ನಂಬಾಕ ಆಗೂದಿಲ್ಲ.” ಆಮೇಲೆ ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಅಂದರು: “ಸೋಫಾದ ಕಾಲ ನಾ ನೋಡೀನಿ.”

ಟೈಲರಣ್ಣ ಪಟ್ಟಿಯಲ್ಲಿ ಮುಖ ಹುದುಗಿಸಿಕೊಂಡು ಗೊಳ್ಳಂತ ನಕ್ಕರು. ಮೇಡಂಗೆ ಏನೂ ಅರ್ಥವಾಗಲಿಲ್ಲ. “ಕಾರ್ಡಿಲ್ಲದೆ ಹೇಗೂ ನಾನು ಬಿಡಲ್ಲ ಅಮ್ಮ. ಯಜಮಾನ್ರೇ, ನಿಮ್ಮ ದುಡ್ಡು ನೀವು ಇಟ್ಕೊಳ್ಳಿ. ನೀವು ಹೋಗಿ ಕಾರ್ಡು ತನ್ನಿ” ಅಂದರು.

ಹೊರಗೆ ನನ್ನ ಪುಟದವರು ಕೆಲವರು ಮರದ ನೆರಳಲ್ಲಿ ನಿಂತಿದ್ದರು. ಬೆರಳಿಗೆ ಶಾಯಿ ಇಲ್ಲದೆ ಹೊರಬಂದ ಪೇಜ್ ಪ್ರಮುಖ್‌ಳನ್ನು ಎಲ್ಲರೂ ನೋಡಿದರು. “ಅಕ್ಕಾರ, ದೇವ್ರ ಮನ್ಯಾಗ ಐತೇನ್ರಿ?” ಅಂತ ಗಾರೆಯ ದೊಡ್ಡಣ್ಣ ಕೇಳಿದ. ಯಜಮಾನರು ಗಾಡಿಯಲ್ಲಿ ಕೂತಿದ್ದರು, ಇಂಜಿನ್ ಆಗಲೇ ಚಾಲೂ ಮಾಡಿದ್ದರು. ದಾರಿಯುದ್ದಕ್ಕೂ ‘ಹೂಂ’ ಕೂಡ ಅನ್ನಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

ಮತ್ತೆ ಸಾಲು, ಮತ್ತೆ ಬಿಸಿಲು. ಒಳಗೆ ಹೋದಾಗ ಬೆಂಚಿನ ಮೇಲೆ ಎರಡು ಡಬ್ಬಿ ಬಿಚ್ಚಿಕೊಂಡಿದ್ದವು. ಕಾಕಾ ಕೈ ಒರೆಸಿಕೊಂಡು ನನ್ನ ಕಾರ್ಡು ಇಸ್ಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು, ಫೋಟೋ ನೋಡಿದರು, ನನ್ನ ಮುಖ ನೋಡಿದರು.

“ಆಕಿನ” ಅಂದರು. ನೀಲಿ ತುದಿಯಿಂದ ನನ್ನ ಹೆಸರಿನ ಮುಂದೆ ಗುರುತು ಹಾಕಿದರು.

ಲ್ಯಾಪ್‌ಟಾಪಿನವನು ಆ ಬೆಂಚಿನ ಮೇಲಿದ್ದಿದ್ದರೆ ನಾನು ಯಾರು ಅಂತಲೂ ಕೇಳುತ್ತಿರಲಿಲ್ಲ, ತಲೆ ಎತ್ತುತ್ತಲೂ ಇರಲಿಲ್ಲ. ನಾನು ಮಾಡಿದ ವ್ಯಾಪಾರಗಳಲ್ಲಿ ಅದು ಒಳ್ಳೆಯದೇ. ಆದರೂ ಒಂದು ಸಲಹೆ ಬದಲಾಯಿಸಿದ್ದೀನಿ. ಕಾರ್ಡು ದೇವರ ಮನೇಲಿ ಇಡಬೇಡಿ. ಚಪ್ಪಲಿ ಬಿಡೋ ಜಾಗದಲ್ಲಿ ಇಡಿ.